ಸೌಧ ಬೇಕಂತೆ ಸೌಧ!

ಮೊನ್ನೆ ಊರಿಗೆ ಹೋಗಿದ್ದೆ. ವಾರವಿಡೀ ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟುವ ನನ್ನಂಥವನಿಗೆ ಊರಿಗೆ ಹೋಗೋದು ಅಂದ್ರೆ, ಬೀರೂರು ಸ್ಟೇಷನ್ನಿನಿಂದ ಹೊರಗೆ ಬಂದು ಬ್ಯಾಗು ಕಾಲ ಹತ್ತಿರ ಇಟ್ಟು ಒಂದು ಲೋಟ ಟೀ ಕುಡಿಯೋದರಿಂದ ಶುರು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಅಲ್ಲೇ ಸಿಕ್ಕಿದ. ಈಗ ಅಡಿಕೆ ವ್ಯಾಪಾರ ಮಾಡ್ತಾನೆ. ಮಳೆ, ಅಡಿಕೆ ರೇಟು, ನನ್ನ ಮದುವೆ (ಇದು ಬೇಡವಾಗಿತ್ತು) ಎಲ್ಲಾ ಮುಗಿದ ಮೇಲೆ ಶುರು ಮಾಡಿದ.

"ಅಲ್ಲ ಕಣೋ, ಅಜ್ಜಂಪುರ ನೋಡು. ನಿನ್ನೆ ಮೊನ್ನೆವರೆಗೂ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ಈಗ ಅದೇ ತಾಲ್ಲೂಕು! ಕಡೂರಿನವರಿಗಂತೂ ಮೊದಲಿಂದ್ಲೂ ಎಲ್ಲಾ ಇದೆ ಬಿಡು. ನಾವೇನು ಪಾಪ ಮಾಡಿದ್ವಿ? ತಾಲ್ಲೂಕು ಕೊಡದಿದ್ರೆ ಕತ್ತೆ ಬಾಲ, ಪುರಸಭೆಗಾದ್ರೂ ಒಂದು ಭರ್ಜರಿ ಬಿಲ್ಡಿಂಗ್ ಆಗ್ಬೇಕು. ಮೂರು ಫ್ಲೋರು, ಲಿಫ್ಟು, ಮೇಲೊಂದು ಗುಮ್ಮಟ. ವಿಧಾನಸೌಧದ ಥರ!"

ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ಅರ್ಧ ಗಂಟೆ ಜಗಳ ಆಯ್ತು. ಟೀ ದುಡ್ಡು ಅವನೇ ಕೊಟ್ಟ, ಆದರೆ ಜಗಳ ಅಲ್ಲಿಗೆ ಮುಗಿದಿಲ್ಲ. ಬಾಕಿ ಉಳಿದದ್ದನ್ನ ಇಲ್ಲಿ ಬರೀತಿದ್ದೀನಿ. ಅವನ ಮೇಲೆ ಸಿಟ್ಟಿಲ್ಲ. ಅವನ ಹಾಗೆ ಯೋಚಿಸೋರು ಪ್ರತಿ ಊರಲ್ಲೂ ಇದ್ದಾರೆ, ಮತ್ತೆ ಅವರ ಈ ಆಸೆಯ ಮೇಲೇ ಕೋಟಿಗಟ್ಟಲೆ ಕಾಂಕ್ರೀಟು ನಿಲ್ಲುತ್ತೆ. ಅದಕ್ಕೇ ನನ್ನ ಸಿಟ್ಟು.

ಮೊದಲು ನಮ್ಮ ಸೀಮೆಯದೇ ಒಂದು ಕಥೆ ಹೇಳ್ತೀನಿ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಇದ್ದ ಹೆಸರು ಕಡೂರು ಜಿಲ್ಲೆ. ಆದರೆ ಜಿಲ್ಲಾ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗಿದ್ದು 1865ರಲ್ಲೇ! ಅಂದರೆ ಎಂಬತ್ತಕ್ಕೂ ಹೆಚ್ಚು ವರ್ಷ ಹೆಸರು ಮಾತ್ರ ಕಡೂರಿನದು, ಕಚೇರಿ ಚಿಕ್ಕಮಗಳೂರಿನದು. ಕಡೂರಿನವರು ಆ ಹೆಸರನ್ನ ಉಪ್ಪು ಹಾಕಿ ನೆಕ್ಕಬೇಕಿತ್ತು. ಯಗಟಿಯ ರೈತನಿಗೆ ಜಿಲ್ಲೆಯ ಹೆಸರಲ್ಲಿ ತನ್ನ ತಾಲ್ಲೂಕು ಇದೆ ಅಂತ ದಾರಿಯೇನೂ ಹತ್ತಿರ ಆಗಲಿಲ್ಲ. ಹೆಸರು ಬೇರೆ, ಕಟ್ಟಡ ಬೇರೆ, ಆಡಳಿತ ಬೇರೆ. ನಮ್ಮ ಬೀರೂರಿನದೇ ತಗೊಳ್ಳಿ. ಈ ಊರು ಬೆಳೆದಿದ್ದು ಯಾವ ಸೌಧದಿಂದಲೂ ಅಲ್ಲ. 1899ರಲ್ಲಿ ಶಿವಮೊಗ್ಗದ ಕಡೆಗೆ ರೈಲು ಇಲ್ಲಿಂದ ಕವಲೊಡೆಯಿತು, ಜಂಕ್ಷನ್ ಆಯ್ತು, ಸಂತೆ ಮಂಡಿ ಬೆಳೆದವು. ಜನಕ್ಕೆ ಬೇಕಾದ ಕಡೆ ದಾರಿ ಮಾಡಿಕೊಟ್ಟದ್ದರಿಂದ ಊರಾಯ್ತು.

ಇನ್ನು ನಮ್ಮ ಗೆಳೆಯನ ಗುಮ್ಮಟಕ್ಕೆ ಬರೋಣ.

ಈ ಗುಮ್ಮಟದ ಹುಚ್ಚು ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ. 1951ರ ಜುಲೈ 13ರಂದು ನೆಹರೂ ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದಾಗ, ಕೆ. ಸಿ. ರೆಡ್ಡಿಯವರ ಕಾಲದಲ್ಲಿ, ಯೋಚನೆ ಮಾಡಿದ್ದು ಇದಕ್ಕಿಂತ ಎಷ್ಟೋ ಸರಳವಾದ ಕಟ್ಟಡ. 1952ರಲ್ಲಿ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದರು, ನಕ್ಷೆ ಬದಲಾಯ್ತು, ಕಟ್ಟಡ ಹಿಗ್ಗಿತು, ಖರ್ಚು ಹಿಗ್ಗುತ್ತಾ ಹಿಗ್ಗುತ್ತಾ ಆ ಕಾಲದ ಸುಮಾರು ಒಂದೂ ಮುಕ್ಕಾಲು ಕೋಟಿ ಮುಟ್ಟಿತು. ಆ ಖರ್ಚಿನ ಮೇಲೆ ವಿಚಾರಣೆಯೂ ಆಯ್ತು. 1956ರಲ್ಲಿ ಕಟ್ಟಡ ಮುಗಿಯಿತು, ಅದೇ ವರ್ಷ ಹನುಮಂತಯ್ಯನವರು ಕುರ್ಚಿಯನ್ನೂ ಬಿಡಬೇಕಾಯ್ತು. ಇವತ್ತು ಅದನ್ನ ಬೇಡ ಅನ್ನೋರು ಯಾರೂ ಇಲ್ಲ, ನಾನೂ ಅನ್ನಲ್ಲ. ಕೆಂಪು ಬಸ್ಸಲ್ಲಿ ಮೊದಲ ಸಲ ಅಪ್ಪನ ಜೊತೆ ಬೆಂಗಳೂರಿಗೆ ಬಂದಾಗ ಅದರ ಮುಂದೆ ನಿಂತು ಬಾಯಿ ಬಿಟ್ಟವನೇ ನಾನು. ಆದರೆ ಗಮನಿಸಿ, ಅದು ಇಡೀ ರಾಜ್ಯಕ್ಕೆ ಒಂದು, ಮತ್ತೆ ಅದನ್ನ ಕಟ್ಟಿದವರು ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು. ನಾವು ಕಾಪಿ ಹೊಡೆದದ್ದು ಗುಮ್ಮಟ ಮಾತ್ರ. ಪ್ರಶ್ನೆಯನ್ನ ಅಲ್ಲೇ ಬಿಟ್ಟು ಬಂದ್ವಿ.

ಹಾಗೆ ಹುಟ್ಟಿದ್ದೇ ಊರೂರಿನ "ಮಿನಿ ವಿಧಾನಸೌಧ". ಈ ಹೆಸರಿನ ತಮಾಷೆ ನೋಡಿ. ಒಳಗೆ ವಿಧಾನವೂ ಇಲ್ಲ, ಸಭೆಯೂ ಇಲ್ಲ. ಇರೋದು ತಹಸೀಲ್ದಾರರು, ಸರ್ವೆ, ಖಜಾನೆ, ಸಬ್ ರಿಜಿಸ್ಟ್ರಾರು. ಜನ ಅಲ್ಲಿಗೆ ಹೋಗೋದು ಪಹಣಿ ತಿದ್ದಿಸೋಕೆ, ಪಿಂಚಣಿ ಕೇಳೋಕೆ. ಕೊನೆಗೆ 2022ರಲ್ಲಿ ಸರ್ಕಾರಕ್ಕೇ ನಾಚಿಕೆಯಾಗಿ "ತಾಲ್ಲೂಕು ಆಡಳಿತ ಸೌಧ" ಅಂತ ಹೆಸರು ಬದಲಿಸಿತು. ಬೋರ್ಡು ಬದಲಾಯ್ತು, ಮೆಟ್ಟಿಲು ಬದಲಾಗಲಿಲ್ಲ.

ಮೆಟ್ಟಿಲು ಅಂದೆನಲ್ಲ, ಅದಕ್ಕೊಂದು ಕಾರಣ ಇದೆ. ಕೆಲ ವರ್ಷದ ಹಿಂದೆ ನಮ್ಮ ಅಜ್ಜಿಯ ಪಿಂಚಣಿ ಇದ್ದಕ್ಕಿದ್ದಂತೆ ನಿಂತುಹೋಯ್ತು. ಯಾವ ಊರಿನ ಕಚೇರಿ ಅಂತ ಹೇಳೋದಿಲ್ಲ, ಹೇಳೋ ಅವಶ್ಯಕತೆಯೂ ಇಲ್ಲ, ಯಾಕಂದ್ರೆ ನಿಮ್ಮೂರಿನದೂ ಹಾಗೇ ಇರುತ್ತೆ. ಹಳೇ ಕಚೇರಿ ಬಸ್‌ಸ್ಟ್ಯಾಂಡ್ ಪಕ್ಕ ಇತ್ತು. ಹೆಂಚಿನ ಮಾಡು, ಸೋರುತ್ತಿತ್ತು, ನಿಜ. ಆದರೆ ಮುಂದೆ ದೊಡ್ಡ ಮರ, ಮರದ ಕೆಳಗೆ ಅರ್ಜಿ ಬರೆಯೋರು ಇಬ್ಬರು, ಎದುರಿಗೇ ಜೆರಾಕ್ಸ್ ಅಂಗಡಿ, ಛಾಪಾ ಕಾಗದ, ಫೋಟೋ ಸ್ಟುಡಿಯೋ, ಚಿತ್ರಾನ್ನದ ಗಾಡಿ. ಹೊಸ ಕಟ್ಟಡ ಊರಾಚೆ, ಗೋಮಾಳದಲ್ಲಿ. ಯಾಕೆ ಅಲ್ಲಿ? ಜಾಗ ಬಿಟ್ಟಿ ಸಿಕ್ತು! ಇಲಾಖೆಗೆ ಬಿಟ್ಟಿ, ಅಜ್ಜಿಗೆ ಆಟೋಗೆ ಎಂಬತ್ತು ರೂಪಾಯಿ. ಹೋಗಿ ನೋಡಿದ್ರೆ ಪಿಂಚಣಿ ಕೇಸ್ ವರ್ಕರ್ ಎರಡನೇ ಮಹಡಿಯಲ್ಲಿ. ಲಿಫ್ಟಿನ ಜಾಗಕ್ಕೆ ಹಲಗೆ ಹೊಡೆದಿದ್ರು. ಎಂಬತ್ತರ ಹತ್ತಿರದ ಅಜ್ಜಿ ಕಂಬಿ ಹಿಡಿದು, ಮಧ್ಯೆ ಎರಡು ಸಲ ಕೂತು, ಹತ್ತಿದರು. "ಜೆರಾಕ್ಸ್ ಇಲ್ಲವಲ್ಲಮ್ಮ, ತಗೊಂಡು ಬನ್ನಿ" ಅಂದರು. ಜೆರಾಕ್ಸ್ ಅಂಗಡಿ ಒಂದೂವರೆ ಕಿಲೋಮೀಟರ್ ದೂರ! ನಾನು ಓಡಿದೆ. ವಾಪಸ್ ಬಂದಾಗ ಅಜ್ಜಿ ಗ್ರಾನೈಟ್ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅಷ್ಟು ದೊಡ್ಡ ವರಾಂಡದಲ್ಲಿ ಒಂದು ಬೆಂಚಿಲ್ಲ. ಶೌಚಾಲಯಕ್ಕೆ ಬೀಗ. "ಚೆನ್ನಾಗಿ ಕಟ್ಟಿದ್ದಾರೆ ಕಣಪ್ಪ, ಛತ್ರದ ಥರ ಇದೆ" ಅಂದರು ಅಜ್ಜಿ. "ಛತ್ರದಲ್ಲಾದ್ರೆ ಕೂರೋಕೆ ಚಾಪೆ ಹಾಸ್ತಾರೆ."

ನಾನು ಎಂಜಿನಿಯರಿಂಗ್ ಓದಿದವನು, ಸಿವಿಲ್ ಅಲ್ಲ ಬಿಡಿ. ಆದರೂ ಒಂದು ಮಾತು ನಮ್ಮ ಸಾಫ್ಟ್‌ವೇರಿನವರಿಗೂ ಚೆನ್ನಾಗಿ ಗೊತ್ತು. ಬಳಸೋರನ್ನ ಕೇಳದೆ ಕಟ್ಟಿದ್ದು ಡೆಮೋ ದಿನ ಮಾತ್ರ ಚೆನ್ನಾಗಿ ಕಾಣುತ್ತೆ. ನಾವೂ ಇದೇ ತಪ್ಪು ಮಾಡ್ತೀವಿ, ಮ್ಯಾನೇಜರಿಗೆ ತೋರಿಸೋಕೆ ಡ್ಯಾಶ್‌ಬೋರ್ಡ್ ಮಾಡ್ತೀವಿ, ಕೌಂಟರಿನಲ್ಲಿ ಕೂತು ಟೈಪ್ ಮಾಡೋ ಹುಡುಗನನ್ನ ಒಂದು ಮಾತೂ ಕೇಳಲ್ಲ. ಸರ್ಕಾರದ ಡೆಮೋ ದಿನಕ್ಕೆ ಉದ್ಘಾಟನೆ ಅಂತ ಹೆಸರು, ಅಷ್ಟೇ ವ್ಯತ್ಯಾಸ :)

ಈಗ ದುಡ್ಡಿನ ವಿಷಯ. ನನ್ನ ಗೆಳೆಯ ಹೇಳಿದ್ದು: "ದುಡ್ಡು ಸರ್ಕಾರದ್ದು ಕಣೋ, ನಮ್ಮ ಗಂಟೇನು ಹೋಗುತ್ತೆ?"

ಸ್ವಲ್ಪ ಲೆಕ್ಕ ಹಾಕೋಣ. ಬೀರೂರಿನಷ್ಟು ಊರು, ಇಪ್ಪತ್ತು ಸಾವಿರ ಜನ ಅಂತ ಸುಮ್ಮನೆ ಇಟ್ಟುಕೊಳ್ಳಿ. ಕಟ್ಟಡಕ್ಕೆ 10 ಕೋಟಿ ಅಂದುಕೊಳ್ಳಿ (ಇದು ನನ್ನ ಊಹೆ, ಯಾರ ಅಂದಾಜುಪಟ್ಟಿಯೂ ಅಲ್ಲ). ತಲೆಗೆ 5 ಸಾವಿರ ಆಯ್ತು. ಐದು ಜನರ ಮನೆಗೆ 25 ಸಾವಿರ. ಈಗ ಗೆಳೆಯನ ಮನೆ ಬಾಗಿಲಿಗೆ ಹೋಗಿ, "ಸ್ವಾಮಿ, ಗುಮ್ಮಟಕ್ಕೆ 25 ಸಾವಿರ ಕೊಡಿ" ಅಂತ ಕೇಳಿದ್ರೆ ಕೊಡ್ತಾನಾ? ಅದೇ ದುಡ್ಡು ಬೆಂಗಳೂರಿಂದ ಸುತ್ತಿಕೊಂಡು ಬಂದರೆ ಯಾರದೋ ದುಡ್ಡು!

ಹೋಗಲಿ, ಕಟ್ಟೋ ದುಡ್ಡು ಒಂದು ಸಲ ಬರುತ್ತೆ. ಸಾಕೋ ದುಡ್ಡು? ಕರೆಂಟು, ಲಿಫ್ಟಿನ ಗುತ್ತಿಗೆ, ಜನರೇಟರ್, ಕಾವಲುಗಾರ, ಗುಡಿಸೋರು, ಐದು ವರ್ಷಕ್ಕೊಮ್ಮೆ ಬಣ್ಣ, ತಾರಸಿ ಸೋರಿದರೆ ರಿಪೇರಿ. ಕಟ್ಟಿದ ಬೆಲೆಯ ನೂರಕ್ಕೆ ಎರಡು ಭಾಗ ಅಂತಿಟ್ಟರೂ ವರ್ಷಕ್ಕೆ 20 ಲಕ್ಷ. ತಿಂಗಳಿಗೆ ಒಂದೂ ಮುಕ್ಕಾಲು ಲಕ್ಷದ ಹತ್ತಿರ. ಒಬ್ಬ ಪೌರಕಾರ್ಮಿಕನಿಗೆ ತಿಂಗಳಿಗೆ 20 ಸಾವಿರ ಅಂತ ಹಿಡಿದರೆ ಎಂಟು ಜನರ ಸಂಬಳ! ಇದನ್ನ ಬೆಂಗಳೂರಿನವರು ಕೊಡಲ್ಲ. ಇದು ಪುರಸಭೆಯ ಸ್ವಂತ ಆದಾಯದಿಂದ, ಅಂದ್ರೆ ನಮ್ಮ ಮನೆ ಕಂದಾಯ, ನೀರಿನ ಕಂದಾಯ, ಮಳಿಗೆ ಬಾಡಿಗೆಯಿಂದ ಬರಬೇಕು. ಬರಲಿಲ್ಲ ಅಂದ್ರೆ ಏನಾಗುತ್ತೆ? ಮೊದಲು ಲಿಫ್ಟು ನಿಲ್ಲುತ್ತೆ. ಆಮೇಲೆ ಶೌಚಾಲಯಕ್ಕೆ ಬೀಗ. ಅಜ್ಜಿ ಕಂಡದ್ದು ಇದನ್ನೇ.

ಇನ್ನು ಅನುದಾನಗಳ ಕಥೆ. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ಸಣ್ಣ ಊರುಗಳಿಗೆ ಕೊಟ್ಟ ದುಡ್ಡಿನಲ್ಲಿ ನೂರಕ್ಕೆ 60 ಭಾಗವನ್ನ ಕುಡಿಯೋ ನೀರು, ನೈರ್ಮಲ್ಯ ಇವಕ್ಕೇ ಅಂತ ಕಟ್ಟಿಹಾಕಿತ್ತು. ಉಳಿದದ್ದನ್ನೂ ಸಂಬಳಕ್ಕೆ, ಕಚೇರಿ ಖರ್ಚಿಗೆ ಬಳಸೋ ಹಾಗಿರಲಿಲ್ಲ. ಹಾಗೆ ಯಾಕೆ ಮಾಡಿದರು? ಬಿಟ್ಟರೆ ದುಡ್ಡು ಎಲ್ಲಿಗೆ ಹರಿಯುತ್ತೆ ಅಂತ ದೆಹಲಿಯಲ್ಲಿ ಕೂತವರಿಗೂ ಗೊತ್ತು. ಕಡೂರು ಸೀಮೆಯ ಬರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಡ ಇಟ್ಟುಕೊಂಡು ಟ್ಯಾಂಕರಿಗೆ ಕಾದವರು ನಾವು. ಭದ್ರೆಯಿಂದ ಪೈಪು ಎಳೆದು ತಂದ ನೀರು ಕುಡಿಯೋ ಊರಿನವನು ನಲ್ಲಿ ಬಿಟ್ಟು ಗುಮ್ಮಟ ಕೇಳ್ತಾನಲ್ಲ, ಅದಕ್ಕೆ ನನಗೆ ಮೈ ಉರಿಯುತ್ತೆ.

ಕಟ್ಟೋದು ಯಾರು ಅನ್ನೋದೂ ಒಂದು ಪ್ರಶ್ನೆ. ಸರ್ಕಾರಿ ಕೆಲಸಕ್ಕೆ ಟೆಂಡರ್ ಕರೆಯಬೇಕು ಅಂತ 1999ರ ಪಾರದರ್ಶಕತೆ ಕಾಯ್ದೆ ಇದೆ. ಆ ಕಾಯ್ದೆಗೇ 4(ಜಿ) ಅಂತ ಒಂದು ಕಿಟಕಿಯೂ ಇದೆ. ಸರ್ಕಾರ ಮನಸ್ಸು ಮಾಡಿದರೆ ಆ ಕಿಟಕಿಯಿಂದ ವಿನಾಯಿತಿ ಕೊಟ್ಟು ಟೆಂಡರ್ ಇಲ್ಲದೆ ಕೆಲಸ ಒಪ್ಪಿಸಬಹುದು. ನಿರ್ಮಿತಿ ಕೇಂದ್ರ, ಕೆಆರ್‌ಐಡಿಎಲ್ (ನಮ್ಮ ಕಡೆ ಇನ್ನೂ ಲ್ಯಾಂಡ್ ಆರ್ಮಿ ಅಂತಲೇ ಕರೀತಾರೆ) ಇವಕ್ಕೆ ಎಷ್ಟೋ ಕೆಲಸ ಹೋಗಿದ್ದು ಆ ಕಿಟಕಿಯಿಂದಲೇ. ಬೇಗ ಆಗುತ್ತೆ ಅನ್ನೋದು ಅವರ ವಾದ. ಬೇಗ ಆಗಿದ್ದನ್ನ ನಾನಂತೂ ಕಂಡಿಲ್ಲ. ಅರ್ಧ ಎದ್ದು ನಿಂತ ಕಂಬ, ತುಕ್ಕು ಹಿಡಿದ ಸರಳು, "ಪರಿಷ್ಕೃತ ಅಂದಾಜು", ಹೊಸ ಎಸ್ಆರ್ ದರ, ಮತ್ತೊಂದು ಕಂತು... ಇದನ್ನ ನೋಡದ ಕನ್ನಡಿಗ ಯಾರಿದ್ದಾನೆ ಹೇಳಿ.

ಬರೀ ನಮ್ಮ ದೇಶದ್ದೇ ಇದು ಅಂದ್ಕೋಬೇಡಿ. ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರ್ ಅನ್ನೋ ಕೌಂಟಿಯ ಕೌನ್ಸಿಲ್ಲು, ನಮ್ಮ ಜಿಲ್ಲಾ ಪಂಚಾಯ್ತಿ ಥರ ಅಂದುಕೊಳ್ಳಿ, ಚದುರಿಹೋಗಿದ್ದ ಕಚೇರಿಗಳನ್ನ ಒಂದೇ ಸೂರಿನಡಿ ತಂದು ದುಡ್ಡು ಉಳಿಸ್ತೀವಿ ಅಂತ 5 ಕೋಟಿ 30 ಲಕ್ಷ ಪೌಂಡಿನ ಹೊಸ ಕಟ್ಟಡ ಕಟ್ಟಿತು. 2017ರ ಅಕ್ಟೋಬರಿನಲ್ಲಿ ಮಂತ್ರಿ ಬಂದು ಉದ್ಘಾಟನೆ ಮಾಡಿದರು. 2018ರ ಫೆಬ್ರವರಿಯಲ್ಲಿ, ಲೆಕ್ಕ ಹಾಕಿ, ಐದು ತಿಂಗಳೂ ಆಗಿಲ್ಲ, ಖಜಾನೆಯಲ್ಲಿ ದುಡ್ಡಿಲ್ಲ, ಹೊಸ ಖರ್ಚು ಯಾವುದೂ ಮಾಡಂಗಿಲ್ಲ ಅಂತ ನೋಟಿಸ್ ಹೊರಡಿಸಬೇಕಾಯ್ತು. ಅದೇ ವರ್ಷ ಆ ಹೊಚ್ಚ ಹೊಸ ಕಟ್ಟಡವನ್ನ 6 ಕೋಟಿ 40 ಲಕ್ಷ ಪೌಂಡಿಗೆ ಮಾರಿ, ಅದರಲ್ಲೇ ಬಾಡಿಗೆಗೆ ಕೂತರು! 2021ರಲ್ಲಿ ಆ ಕೌನ್ಸಿಲ್ಲನ್ನೇ ರದ್ದು ಮಾಡಿದರು. ಕಟ್ಟಡ ಮಾತ್ರ ಗಟ್ಟಿಮುಟ್ಟಾಗಿದೆ. ಅವರ ದಿವಾಳಿಗೆ ಕಟ್ಟಡ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ, ಬೇರೆ ನೂರು ಎಡವಟ್ಟು ಮಾಡಿಕೊಂಡಿದ್ದರು. ಆದರೆ ಮನೆ ಸೋರುವಾಗ ಜಗುಲಿಗೆ ಗ್ರಾನೈಟ್ ಹಾಕಿಸೋ ಬುದ್ಧಿ ಎಲ್ಲಾ ಕಡೆ ಒಂದೇ. ಅದೇ ದೇಶದ ಲಂಡನ್ ನೋಡಿ. ಥೇಮ್ಸ್ ದಡದಲ್ಲಿ, ಟವರ್ ಬ್ರಿಡ್ಜ್ ಪಕ್ಕ, ಜಗತ್ತೆಲ್ಲಾ ಫೋಟೋ ತೆಗೆಯೋ ಗಾಜಿನ ಸಿಟಿ ಹಾಲ್ ಇತ್ತು ಮೇಯರಿಗೆ. ಬಾಡಿಗೆ ಭಾರ ಅಂತ 2021ರ ಕೊನೆಯಲ್ಲಿ ಅದನ್ನ ಬಿಟ್ಟು ಊರ ಪೂರ್ವಕ್ಕೆ, ತಮ್ಮದೇ ಆದ ಇನ್ನೊಂದು ಕಟ್ಟಡಕ್ಕೆ ಹೋದರು. ಐದು ವರ್ಷದಲ್ಲಿ 6 ಕೋಟಿ 10 ಲಕ್ಷ ಪೌಂಡ್ ಉಳಿಯುತ್ತೆ ಅಂತ ಅವರ ಲೆಕ್ಕ. ಮೇಯರ್ ಮರ್ಯಾದೆ ಏನೂ ಹೋಗಲಿಲ್ಲ.

ನಮ್ಮಲ್ಲಿ? ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿಗಳಿಂದ ಉದ್ಘಾಟನೆಯಾಯ್ತು. ಅದರಲ್ಲಿ ಅಧಿವೇಶನ ನಡೆಯೋದು ವರ್ಷಕ್ಕೆ ಹತ್ತು ಹದಿನೈದು ದಿನ. 2022ರಲ್ಲಿ ಅದರ ಮುಂದಿನ ಅಂಗಳದಲ್ಲಿ ಯಾರೋ ಕೂಲಿ ಹೆಂಗಸು ಶಾವಿಗೆ, ಹಪ್ಪಳ ಒಣಗಿಸಿದರು ಅಂತ ದೊಡ್ಡ ಗಲಾಟೆ! ಆಕೆಯನ್ನ ಕೆಲಸದಿಂದ ತೆಗೆದರಂತೆ, ಜನ ಬೈದ ಮೇಲೆ ಮತ್ತೆ ಸೇರಿಸಿಕೊಂಡರಂತೆ, ಪೇಪರಿನಲ್ಲೆಲ್ಲಾ ಬಂತು. ನನ್ನ ಕೇಳಿದ್ರೆ ಆ ವರ್ಷ ಆ ಕಟ್ಟಡದ ಅಂಗಳವನ್ನ ಸರಿಯಾಗಿ ಬಳಸಿಕೊಂಡವರು ಆಕೆ ಒಬ್ಬರೇ.

ಇಷ್ಟೆಲ್ಲಾ ಬೈದ ಮೇಲೆ ಒಂದು ಮಾತು ಒಪ್ಪಬೇಕು. ಹಳೇ ಕಚೇರಿಗಳು ಸ್ವರ್ಗವೇನಲ್ಲ. ಗೆದ್ದಲು ತಿಂದ ರಿಜಿಸ್ಟರು, ಒಂದೇ ರೂಮಿನಲ್ಲಿ ಆರು ಟೇಬಲ್ಲು, ಹೆಂಗಸರು ಕೆಲಸ ಮಾಡೋ ಕಡೆ ನೆಟ್ಟಗೆ ಒಂದು ಶೌಚಾಲಯ ಇಲ್ಲ. ಗೆಳೆಯ ಇದನ್ನ ಹೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕು ಅಂತ ಘೋಷಿಸಿದರಲ್ಲ, ಅಜ್ಜಂಪುರವೂ ಅದರಲ್ಲೊಂದು, ಅಂಥ ಕಡೆ ಕಚೇರಿಗೆ ಸೂರು ಬೇಡ ಅನ್ನೋದು ಅನ್ಯಾಯ. ಶಿವನಿ ಕಡೆಯವರು ತರೀಕೆರೆಗೆ ಅಲೆಯೋದು ತಪ್ಪಿದ್ದು ಸಣ್ಣ ವಿಷಯ ಅಲ್ಲ. ಹಾಗಾಗಿ ಕಟ್ಟಡವೇ ಬೇಡ ಅನ್ನೋದು ನನ್ನ ವಾದ ಅಲ್ಲ. ಯಾವ ಕಟ್ಟಡ, ಎಲ್ಲಿ, ಯಾರನ್ನ ಕೇಳಿ?

ಯಾಕಂದ್ರೆ ಇನ್ನೊಂದು ಕಡೆ ಕಾಲ ಬೇರೆಯೇ ಆಗಿದೆ. ಇಪ್ಪತ್ತೈದು ವರ್ಷದ ಹಿಂದೆ ಭೂಮಿ ಯೋಜನೆ ಬಂದು 177 ತಾಲ್ಲೂಕುಗಳ ಪಹಣಿ ಕಂಪ್ಯೂಟರಿಗೆ ಹೋಯ್ತು. 15 ರೂಪಾಯಿಗೆ ಪಹಣಿ! ಆಮೇಲೆ ಹೋಬಳಿಗೆ ನಾಡಕಚೇರಿ, 2012ರಲ್ಲಿ ಸಕಾಲ, ಆಮೇಲೆ ಗ್ರಾಮ ಒನ್. ಈಗ ಆಸ್ತಿ ನೋಂದಣಿಗೆ ಇ-ಖಾತಾ. ಅಂದ್ರೆ ಕೆಲಸ ಎಲ್ಲಾ ಜನರ ಹತ್ತಿರ ಹತ್ತಿರ ಬರ್ತಾ ಇದೆ, ಕಟ್ಟಡ ಮಾತ್ರ ದೂರ ದೂರ, ಎತ್ತರ ಎತ್ತರ ಹೋಗ್ತಾ ಇದೆ. ಸಿಂಗಟಗೆರೆಯವನಿಗೆ, ಪಂಚನಹಳ್ಳಿಯವನಿಗೆ ಬೇಕಾದ್ದು ಹೋಬಳಿಯಲ್ಲಿ ಬಾಗಿಲು ತೆಗೆದಿರೋ ಒಂದು ಕೌಂಟರು, ಕರೆಂಟು ಹೋದರೂ ನಡೆಯೋ ಯುಪಿಎಸ್ಸು, ರಜೆ ಹಾಕದ ಒಬ್ಬ ಆಪರೇಟರು. ಇದಕ್ಕೆ ಅಡಿಗಲ್ಲು ಹಾಕೋಕಾಗಲ್ಲ, ಹೆಸರು ಕೆತ್ತಿಸೋಕಾಗಲ್ಲ. ಕಷ್ಟ ಇರೋದೇ ಅಲ್ಲಿ.

ಸರಿ, ಸೌಧ ಅಂದ್ರೆ ಸಭಾಂಗಣ, ಪ್ರಜಾಪ್ರಭುತ್ವದ ಗುಡಿ ಅಂತೆಲ್ಲಾ ಭಾಷಣ ಮಾಡ್ತಾರಲ್ಲ. ಅಲ್ಲಾ ಸ್ವಾಮಿ, ಗುಡಿ ಕಟ್ಟಿದಿರಿ, ದೇವರೆಲ್ಲಿ? ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ವರ್ಷಗಟ್ಟಲೆ ಚುನಾವಣೆಯೇ ಮಾಡಲಿಲ್ಲ. 2018ರಲ್ಲಿ ಗೆದ್ದ ಎಷ್ಟೋ ಪುರಸಭೆ ಸದಸ್ಯರು ಮೀಸಲಾತಿ ಪಟ್ಟಿಯ ಕೋರ್ಟು ಜಗಳದಿಂದ ಅಧ್ಯಕ್ಷರನ್ನ ಆರಿಸೋಕೆ 2020ರ ಕೊನೆವರೆಗೂ ಕಾಯಬೇಕಾಯ್ತು. ನಾನು ದುಡಿಯೋ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಚುನಾವಣೆ ಆಗಲೇ ಇಲ್ಲ. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆ ಬಂದವು. ಬಂದ ಕೂಡಲೇ ಎದ್ದ ಮಾತೇನು? ಐದಕ್ಕೂ ಹೊಸ ಕಚೇರಿ ಕಟ್ಟಡ! ಕೂರೋರನ್ನ ಆರಿಸೋ ಮೊದಲೇ ಕುರ್ಚಿಗೆ ಅಳತೆ. ಮದುವೆ ಗಂಡು ಗೊತ್ತಿಲ್ಲ, ಛತ್ರ ಬುಕ್ ಆಗಿದೆ. (ನಮ್ಮಮ್ಮ ಇದನ್ನ ಓದಿದ್ರೆ ನನ್ನ ವಿಷಯಕ್ಕೇ ತಿರುಗಿಸ್ತಾರೆ, ಇರಲಿ.)

ನಮ್ಮೂರಲ್ಲಿ ಯಾವತ್ತಾದರೂ ಅಂಥ ಯೋಜನೆ ಬಂದರೆ ನಾನು ಕೇಳೋದು ಇಷ್ಟೇ. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗೋ ದೂರದಲ್ಲಿರಲಿ. ಜನ ಬರೋ ಟೇಬಲ್ಲುಗಳೆಲ್ಲಾ ನೆಲಮಹಡಿಯಲ್ಲಿರಲಿ, ಸಾಹೇಬರು ಬೇಕಾದ್ರೆ ಮೇಲೆ ಹತ್ತಲಿ. ದಾಖಲೆ ಕೋಣೆಗೆ ನೀರು ಇಳಿಯದಿರಲಿ, ಅದು ಗುಮ್ಮಟಕ್ಕಿಂತ ಮುಖ್ಯ. ಬೆಂಚು, ಕುಡಿಯೋ ನೀರು, ಬೀಗ ಇಲ್ಲದ ಶೌಚಾಲಯ. ಮರ ಕಡಿಯಬೇಡಿ, ಅರ್ಜಿ ಬರೆಯೋರನ್ನ ಓಡಿಸಬೇಡಿ. ಮತ್ತೆ ಅಡಿಗಲ್ಲಿಗೆ ಮುಂಚೆ ಅಂದಾಜುಪಟ್ಟಿಯನ್ನ, ಆ ಜಾಗವನ್ನೇ ಯಾಕೆ ಆರಿಸಿದಿರಿ ಅನ್ನೋದನ್ನ, ಹತ್ತು ವರ್ಷ ಅದನ್ನ ಸಾಕೋ ದುಡ್ಡು ಎಲ್ಲಿಂದ ಅನ್ನೋದನ್ನ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ದಯಮಾಡಿ ಕೊಡಿ ಅಂತ ನಾನೇನೂ ಬೇಡ್ತಾ ಇಲ್ಲ. ಯೋಜನೆ, ಬಜೆಟ್ಟು ಇವನ್ನ ಕೇಳೋ ಮುಂಚೆ ತಾವೇ ಪ್ರಕಟಿಸಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ನೇ ಹೇಳುತ್ತೆ.

ಇದನ್ನೆಲ್ಲಾ ಗೆಳೆಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಗುಮ್ಮಟ ಬೇಡ ಅಂದ್ರೆ ಬೇಡ ಬಿಡೋ. ಆದ್ರೆ ಲಿಫ್ಟಂತೂ ಇರ್ಲಿ ಕಣೋ" ಅಂದ. ಆಮೇಲೆ, ಊರಿನ ಮನೆ ಕಂದಾಯ ವರ್ಷಕ್ಕೆ ಎಷ್ಟು ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಮೊದಲು ಒಂದು ಮಾಹಿತಿ ಹಕ್ಕು ಅರ್ಜಿ ಹಾಕೋಣ ಅಂತ ಅವನೇ ಹೇಳಿದ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ನನ್ನಂಥ ಉದ್ದುದ್ದ ಬರೆಯೋನಿಗೆ ಇದು ಶಿಕ್ಷೆ, ಅದಕ್ಕೇ ಬರೆಯೋ ಕೆಲಸ ಅವನಿಗೆ ಒಪ್ಪಿಸಿದ್ದೀನಿ. ದಸರಾಕ್ಕೆ ಮೈಲಾರಲಿಂಗನ ಕಾರ್ಣಿಕ ಕೇಳೋಕೆ ಹೇಗೂ ಊರಿಗೆ ಹೋಗ್ತೀನಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ನನ್ನ ಕಡೆಯಿಂದ. ಟೀ ದುಡ್ಡೂ ಈ ಸಲ ನಂದೇ.